ಶಿವರಾತ್ರಿಯಿಂದ ಮೊದಲ ಮಳೆಯವರೆಗೆ: ನಾಯಿ, ಬೆಕ್ಕುಗಳನ್ನು ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಓಡಿಹೋಗುತ್ತದೆ ಅನ್ನುವ ಮಾತು ನಮ್ಮಲ್ಲಿದೆ. ಆಮೇಲೆ ಮಾವಿನ ಹೂವು, ಹೊಂಗೆ ಚಿಗುರು, ಯುಗಾದಿ. ನಮಗೆ ಇದು ವಸಂತ. ಮನೆಯ ನಾಯಿ, ಬೆಕ್ಕಿಗೆ ಮಾತ್ರ ವರ್ಷದಲ್ಲೇ ಕಷ್ಟದ ಕಾಲ. ಉಣುಗು (ಉಣ್ಣೆ) ಹೆಚ್ಚುವುದು ಈಗ, ಬಿಸಿಲು ಏರುವುದು ಈಗ, ಹಬ್ಬದ ತಿಂಡಿ, ಹಣ್ಣು, ಹಾವು ಎಲ್ಲಾ ಈಗಲೇ.

ನಮ್ಮ ಮನೆ ಸಾಗರದ ಕಡೆ. ಕರಿಯ ಅಂತ ಆರು ವರ್ಷದ ನಾಡು ನಾಯಿ, ಮಿಣ್ಣಿ ಅಂತ ಒಂದು ಬೆಕ್ಕು ಇವೆ. ಕಳೆದ ವರ್ಷ ಯುಗಾದಿ ಆಗಿ ಒಂದು ವಾರಕ್ಕೆ ಕರಿಯ ಅರ್ಧ ಅನ್ನ ಬಿಟ್ಟ. ಬಿಸಿಲಿಗೆ ಹಾಗಾಗಿದೆ, ನಾಳೆ ಸರಿಹೋಗುತ್ತಾನೆ ಅಂದುಕೊಂಡೆ. ಮಾರನೇ ದಿನವೂ ಹಾಗೇ ಅಂದುಕೊಂಡೆ. ಮೂರನೇ ದಿನ ತುಟಿ ಎತ್ತಿ ನೋಡಿದರೆ ವಸಡು ಬಣ್ಣ ಹೋಗಿ ಬಿಳಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಉಣುಗಿನ ಜ್ವರ, ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು. 28 ದಿನ ಮಾತ್ರೆ ನುಂಗಿಸಿದ ಮೇಲೆ ಉಳಿದ. ಈ ಕಾಲದಲ್ಲಿ ಯಾವ ಕಾಯಿಲೆ ಬಂದರೂ ಮೊದಲ ಎರಡು ದಿನ ‘ಬಿಸಿಲಿಗೆ ಸುಸ್ತು’ ಅನ್ನುವ ಹಾಗೇ ಕಾಣುತ್ತದೆ. ಅದು ಬರೀ ಸುಸ್ತೋ ಬೇರೆ ಏನಾದರೂ ಇದೆಯೋ ಅಂತ ಮನೆಯಲ್ಲೇ ಬೇಗ ಗೊತ್ತುಮಾಡಿಕೊಳ್ಳುವುದು ಹೇಗೆ, ಗೊತ್ತಾದ ಮೇಲೆ ಏನು ಮಾಡಬೇಕು, ಇದನ್ನೇ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಹೆಜ್ಜೆ 1: ಆರೋಗ್ಯವಾಗಿರುವಾಗಲೇ ಅಳತೆ ಬರೆದಿಡಿ

ನಾಯಿ ಚೆನ್ನಾಗಿರುವ ದಿನ ಮೂರು ವಿಷಯ ನೋಡಿ, ಕ್ಯಾಲೆಂಡರ್ ಹಿಂದೆ ಬರೆದಿಡಿ.

ಮೊದಲನೆಯದು ವಸಡಿನ ಬಣ್ಣ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬಿಳಿಯಾಗಿ, ಬಿಟ್ಟ ಮೇಲೆ ಎರಡು ಸೆಕೆಂಡ್ ಒಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಕೆಲವು ನಾಯಿಗಳಿಗೆ ವಸಡೇ ಕಪ್ಪಾಗಿರುತ್ತದೆ. ಅಂಥವಕ್ಕೆ ಕೆಳಗಿನ ಕಣ್ಣುರೆಪ್ಪೆಯನ್ನು ಸ್ವಲ್ಪ ಜಗ್ಗಿ ಒಳಗಿನ ಬಣ್ಣ ನೋಡಿ.

ಎರಡನೆಯದು ಉಸಿರು. ನಿದ್ದೆಯಲ್ಲಿರುವಾಗ ಪಕ್ಕೆ ಎಷ್ಟು ಸಲ ಏರುತ್ತದೆ ಅಂತ ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ ಮೂವತ್ತರ ಒಳಗಿರುತ್ತದೆ.

ಮೂರನೆಯದು ಮೈ ಬಿಸಿ. ಮೂಗು ಮುಟ್ಟಿ ಜ್ವರ ಹೇಳುವುದು ಆಗದ ಮಾತು. ಮೆಡಿಕಲ್ ಶಾಪಿನಲ್ಲಿ ಡಿಜಿಟಲ್ ಥರ್ಮಾಮೀಟರ್ ತನ್ನಿ, ಅದು ನಾಯಿಗೇ ಮೀಸಲು. ತುದಿಗೆ ಸ್ವಲ್ಪ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಒಂದು ಇಂಚಿನಷ್ಟು ಒಳಗಿಟ್ಟು ನೋಡಬೇಕು. ಒಬ್ಬರು ತಲೆ ಸವರುತ್ತಾ ಹಿಡಿದುಕೊಂಡರೆ ಸುಲಭ. ನಾಯಿ, ಬೆಕ್ಕು ಎರಡಕ್ಕೂ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. ನಮಗೆ ಜ್ವರ ಅನ್ನಿಸುವಷ್ಟು ಬಿಸಿ ಅವಕ್ಕೆ ಸಹಜ. 103 ದಾಟಿ, ಊಟ ಬೇರೆ ಬಿಟ್ಟಿದೆ ಅಂದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು.

ಹೆಜ್ಜೆ 2: ದಿನಾ ಐದು ನಿಮಿಷ ಉಣುಗು ಹುಡುಕಿ

ಕೆಲವು ಕಡೆ ಉಣ್ಣೆ ಅಂತಾರೆ, ನಮ್ಮ ಕಡೆ ಉಣುಗು. ನಾನು ಹುಡುಕುವುದು ಸಂಜೆ, ಜಗಲಿ ಮೇಲೆ. ಕರಿಯ ತಾನೇ ಬಂದು ಅಡ್ಡ ಬೀಳುತ್ತಾನೆ, ಯಾಕಂದರೆ ಕೊನೆಗೆ ಒಂದು ತುಂಡು ಬೆಲ್ಲದಷ್ಟು ಚಪಾತಿ ಸಿಗುತ್ತದೆ ಅಂತ ಅವನಿಗೆ ಗೊತ್ತು.

ಕಣ್ಣಿಗಿಂತ ಬೆರಳು ಜಾಸ್ತಿ ಹೇಳುತ್ತದೆ. ಕೂದಲಿಗೆ ಎದುರಾಗಿ ಬಾಲದಿಂದ ತಲೆ ಕಡೆಗೆ ಕೈ ಆಡಿಸಿ. ರಾಗಿ ಕಾಳಿನಷ್ಟು ಗಂಟು ಸಿಕ್ಕರೆ ಅಲ್ಲಿ ನಿಲ್ಲಿ, ಕೂದಲು ಬಿಡಿಸಿ ನೋಡಿ. ಕಿವಿಯ ಒಳಗೆ, ಕಿವಿ ಅಂಚಿನಲ್ಲಿ ಚರ್ಮ ಮಡಚಿದ ಪುಟ್ಟ ಜೇಬಿನ ಹಾಗಿರುತ್ತದಲ್ಲ ಅಲ್ಲಿ, ಬೆಲ್ಟಿನ ಕೆಳಗೆ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ, ಬಾಲದ ಬುಡದಲ್ಲಿ ನೋಡಿ. ಕೊನೆಗೆ ಕಾಲ್ಬೆರಳುಗಳ ಸಂದಿ, ಒಂದೊಂದನ್ನೂ ಅಗಲಿಸಿ. ಎಲ್ಲರೂ ಮರೆಯುವ ಜಾಗ ಇದು. ಉಣುಗು ಅತಿ ಹೆಚ್ಚು ಸಿಗುವ ಜಾಗಗಳಲ್ಲೂ ಇದು ಒಂದು.

ಸಿಕ್ಕರೆ ತೆಗೆಯುವ ಕ್ರಮ ಹೀಗೆ. ಕೈಗೆ ಗ್ಲೌಸ್ ಹಾಕಿ. ಸಣ್ಣ ಮೂತಿಯ ಚಿಮಟದಿಂದ ಉಣುಗಿನ ಹೊಟ್ಟೆಯನ್ನಲ್ಲ, ತಲೆಯನ್ನು, ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿಯಿರಿ. ತಿರುಚದೆ, ಥಟ್ಟನೆ ಜಗ್ಗದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಸ್ಪಿರಿಟ್ ಹಾಕಿದ ಮುಚ್ಚಳದ ಬಾಟಲಿಗೆ ಹಾಕಿ. ಕಚ್ಚಿದ ಜಾಗ ಒರೆಸಿ, ಕೈ ಸೋಪಿನಲ್ಲಿ ತೊಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು, ಸುಣ್ಣ ಹಚ್ಚುವುದು ಬೇಡ. ಹಾಗೆ ಕೆಣಕಿದರೆ ಉಣುಗು ತನ್ನ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕುವ ಅಪಾಯ ಇದೆ. ಉಗುರಿನಲ್ಲಿ ಒತ್ತಿ ಸಾಯಿಸುವ ಅಭ್ಯಾಸ ಹಳ್ಳಿಮನೆಗಳಲ್ಲಿ ಈಗಲೂ ಇದೆ, ದಯವಿಟ್ಟು ಅದನ್ನು ಬಿಡಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಅನ್ನುವ ಜ್ವರ ಮೊದಲು ಗುರುತಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹೆಚ್ಚಾಗುವುದು ಡಿಸೆಂಬರಿನಿಂದ ಮೇವರೆಗೆ, ಹರಡುವುದು ಕಾಡಿನ ಉಣುಗು. ನಾವು ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋದರೆ ನಾಯಿ ಹಿಂದೆಯೇ ಬರುತ್ತದೆ, ಬರುವಾಗ ಮೈತುಂಬಾ ಉಣುಗು ತಂದು ಜಗಲಿಯಲ್ಲಿ ಉದುರಿಸುತ್ತದೆ. ಈ ತಿಂಗಳುಗಳಲ್ಲಿ ನಾಯಿಯನ್ನು ಕಾಡಿಗೆ ಕರೆದುಕೊಂಡು ಹೋಗಬೇಡಿ. ಹೋಗಿ ಬಂದಿದ್ದರೆ ಅಂಗಳದಲ್ಲೇ ಹುಡುಕಿ ತೆಗೆದು ಆಮೇಲೆ ಒಳಗೆ ಬಿಡಿ. ಉಣುಗು ಕಚ್ಚದಿರಲಿ ಅಂತ ಮನುಷ್ಯರು ಮೈಗೆ ಹಚ್ಚಿಕೊಳ್ಳಲು ಕೊಡುವ ಡೆಪಾ ಎಣ್ಣೆಯನ್ನು ನಾಯಿಗೆ ಹಚ್ಚಬೇಡಿ, ಅದು ನೆಕ್ಕಿಕೊಳ್ಳುತ್ತದೆ.

ಹೆಜ್ಜೆ 3: ಔಷಧಿ ನಾಯಿಗೂ ಬೇಕು, ಮನೆಗೂ ಬೇಕು

ಹುಡುಕಿ ತೆಗೆದರೆ ಮಾತ್ರ ಸಾಲದು. ನಾಯಿ ಮೈಮೇಲೆ ಕಾಣುವುದು ಸ್ವಲ್ಪ, ಉಳಿದವು ಗೋಡೆ ಬಿರುಕಿನಲ್ಲಿ, ಗೂಡಿನ ಹಲಗೆ ಸಂದಿಯಲ್ಲಿ, ಹಾಸಿಗೆ ಅಡಿಯಲ್ಲಿ ಇರುತ್ತವೆ. ಹೊಟ್ಟೆ ತುಂಬಿದ ಒಂದು ಹೆಣ್ಣು ಉಣುಗು ಉದುರಿ, ಸಂದಿ ಹತ್ತಿ, ಸಾವಿರಾರು ಮೊಟ್ಟೆ ಇಡುತ್ತದೆ. ಸೆಖೆ ಇದ್ದರೆ ಎರಡು ತಿಂಗಳಲ್ಲೇ ಆ ಮೊಟ್ಟೆಗಳಿಂದ ಮತ್ತೊಂದು ತಲೆಮಾರು ಸಿದ್ಧ.

ಈಗ ಬಾಯಿಗೆ ಕೊಡುವ ಮಾತ್ರೆ ಬಂದಿವೆ. ಅಫಾಕ್ಸೊಲೇನರ್ ಇರುವುದನ್ನು ತಿಂಗಳಿಗೊಮ್ಮೆ, ಫ್ಲುರಲೇನರ್ ಇರುವುದನ್ನು 12 ವಾರಕ್ಕೊಮ್ಮೆ ಕೊಡುತ್ತಾರೆ. ತೂಕಕ್ಕೆ ತಕ್ಕ ಮಾತ್ರೆ ಬೇಕು, ಹಾಗಾಗಿ ಮೊದಲು ತೂಕ ಮಾಡಿಸಿ. ನಾಯಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಬೆಲೆ ಜಾಸ್ತಿ ಅನ್ನಿಸುವುದು ನಿಜ. ಆದರೆ ಕರಿಯನ ರಕ್ತ ಪರೀಕ್ಷೆ, ಡ್ರಿಪ್, ಓಡಾಟ ಎಲ್ಲಾ ಸೇರಿ ಆದ ಖರ್ಚಿನಲ್ಲಿ ಎರಡು ವರ್ಷದ ಮಾತ್ರೆ ಬರುತ್ತಿತ್ತು. ಅವನು ಪಟ್ಟ ನೋವಿಗೆ ಲೆಕ್ಕ ಇಲ್ಲ. ಕುತ್ತಿಗೆ ಹಿಂದೆ ಹನಿ ಬಿಡುವ ಔಷಧಿಯೂ ಇದೆ. ಅದನ್ನು ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ಆಮೇಲೆ ಸ್ನಾನ ಮಾಡಿಸಬೇಡಿ. ಬೇವಿನ ಎಲೆ ಕುದಿಸಿದ ನೀರಲ್ಲಿ ನಾಯಿಯ ಮೈ ತೊಳೆದರೆ ತಪ್ಪೇನಿಲ್ಲ. ಅದೊಂದರಿಂದಲೇ ಉಣುಗು ಹೋಗುತ್ತದೆ ಅಂತ ನಂಬಿ ಕೂರಬೇಡಿ ಅಷ್ಟೇ.

ಎರಡು ತಪ್ಪು ಮಾತ್ರ ಯಾರೂ ಮಾಡಬಾರದು. ದನದ ಉಣುಗಿಗೆ ಅಂತ ಕೊಟ್ಟಿಗೆಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯುವುದು ಒಂದು. ನಾಯಿ ಔಷಧಿಯನ್ನು ಬೆಕ್ಕಿಗೆ ಹಾಕುವುದು ಇನ್ನೊಂದು. ನಾಯಿಗಳ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಮೈ ನಡುಗಲು ಶುರುವಾಗಿ ಫಿಟ್ಸ್ ಬಂದು ಸತ್ತೇ ಹೋಗಬಹುದು. ನಾಯಿಗೆ ಅಂಥ ಔಷಧಿ ಹಾಕಿದ ದಿನ ಬೆಕ್ಕು ಅದರ ಜೊತೆ ಮಲಗದಂತೆಯೂ ನೋಡಿಕೊಳ್ಳಬೇಕು.

ಮನೆಗೆ ಮಾಡಬೇಕಾದದ್ದು: ನಾಯಿ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿನೀರಲ್ಲಿ ಒಗೆದು ಸುಡು ಬಿಸಿಲಿಗೆ ಹಾಕಿ. ಗೋಡೆ ಬಿರುಕುಗಳಿಗೆ ಸಿಮೆಂಟ್ ಮೆತ್ತಿ. ಯುಗಾದಿಗೆ ಹೇಗೂ ಸುಣ್ಣಬಣ್ಣ ಮಾಡುತ್ತೇವಲ್ಲ, ಆಗಲೇ ನಾಯಿಗೂಡಿನ ಹಿಂದಿನ ಗೋಡೆಯನ್ನೂ ಸೇರಿಸಿಕೊಳ್ಳಿ.

ಉಣುಗಿನ ಜ್ವರದ ಗುರುತು ನೆನಪಿಡಿ: ಊಟ ಬಿಡುವುದು, ಜ್ವರ, ಬಿಳಚಿದ ವಸಡು, ಮೂಗಲ್ಲಿ ರಕ್ತ, ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕೆ, ಕೆಲವು ಸಲ ಕಾಫಿ ಬಣ್ಣದ ಮೂತ್ರ. ಎಲ್ಲಾ ಒಟ್ಟಿಗೆ ಕಾಣಿಸಬೇಕು ಅಂತಿಲ್ಲ. ಉಣುಗು ಮೈಮೇಲೆ ಕಾಣಲೇಬೇಕು ಅಂತಲೂ ಇಲ್ಲ. ಕರಿಯನ ಮೈಮೇಲೆ ಆ ದಿನ ಒಂದೂ ಇರಲಿಲ್ಲ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ನಾಲ್ಕೇ ದಿನಕ್ಕೆ ಲವಲವಿಕೆ ಬರುತ್ತದೆ, ಆಗ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಪೂರ್ತಿ ಕೊಡಿ. ಆ ಮಾತ್ರೆಯನ್ನು ಹಾಲು, ಮೊಸರಿನ ಜೊತೆ ಕೊಟ್ಟರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೊಸರನ್ನದಲ್ಲಿ ಬಚ್ಚಿಟ್ಟು ಕೊಡುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ, ಡಾಕ್ಟರೇ ಹೇಳಿ ಬಿಡಿಸಿದರು.

ಹೆಜ್ಜೆ 4: ಬಿಸಿಲಿನ ವೇಳಾಪಟ್ಟಿ

ಬೆಂಗಳೂರು ತಂಪು ಊರು ಅಂತ ನಾವು ಇನ್ನೂ ಹೇಳಿಕೊಳ್ಳುತ್ತೇವೆ. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಕಲಬುರಗಿ, ರಾಯಚೂರಿನವರಿಗೆ 40 ದಾಟುವುದು ಪ್ರತಿ ವರ್ಷದ ಮಾತು. ನಾಯಿ ನಮ್ಮ ಹಾಗೆ ಮೈತುಂಬಾ ಬೆವರುವುದಿಲ್ಲ. ಪಾದದಲ್ಲಿ ಸ್ವಲ್ಪ ಬೆವರು, ಉಳಿದದ್ದೆಲ್ಲಾ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಪಗ್, ಶಿಟ್ಜು, ಬುಲ್‌ಡಾಗ್‌ಗಳಿಗೆ ಮೂಗೇ ಚಪ್ಪಟೆ, ಉಸಿರಿನ ದಾರಿ ಕಿರಿದು. ಅವು ಬೇರೆ ನಾಯಿಗಳಿಗಿಂತ ಎಷ್ಟೋ ಬೇಗ ಸೋಲುತ್ತವೆ.

ವಾಕಿಂಗ್ ಬೆಳಿಗ್ಗೆ ಏಳರ ಒಳಗೆ ಮುಗಿಯಲಿ. ಸಂಜೆ ರಸ್ತೆ ಆರಿದ ಮೇಲೆ ಹೊರಡಿ. ಆರಿದೆಯೋ ಇಲ್ಲವೋ ನೋಡಲು ಹಿಂಗೈಯನ್ನು ಟಾರಿನ ಮೇಲೆ ಏಳು ಸೆಕೆಂಡ್ ಇಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಊಟವನ್ನೂ ತಂಪು ಹೊತ್ತಿಗೆ ತಿರುಗಿಸಿ. ಮಧ್ಯಾಹ್ನ ಉಪ್ಪು, ಮೆಣಸಿನಕಾಯಿ ಹಾಕದ ನೀರು ಮಜ್ಜಿಗೆ ಕುಡಿಯುವುದಾದರೆ ಕುಡಿಯಲಿ. ನೀರಿಗೆ ಮಣ್ಣಿನ ಬಾನಿ ಇಡಿ, ನೆರಳಿನಲ್ಲಿ, ಎರಡು ಜಾಗದಲ್ಲಿ. ದಿನಾ ಚೆಲ್ಲಿ ಉಜ್ಜಿ ತುಂಬಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಆಗುತ್ತವೆ. ಗೇಟಿನ ಹೊರಗೆ ಬೀದಿ ನಾಯಿಗಳಿಗೂ ಒಂದು ಇಟ್ಟರೆ ನಿಮ್ಮ ಕೈ ತೊಳೆದ ನೀರಿಗಿಂತ ಜಾಸ್ತಿ ಖರ್ಚೇನೂ ಆಗುವುದಿಲ್ಲ.

ಸೆಖೆ ಅಂತ ಪೊಮೆರೇನಿಯನ್, ಹಸ್ಕಿ ತರದ ನಾಯಿಗಳಿಗೆ ಬೋಳಿಸಬೇಡಿ. ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ದಿನಾ ಬಾಚಿ, ಉದುರುವ ಒಳಗೂದಲು ತೆಗೆದರೆ ಸಾಕು.

ಕಾರಿನಲ್ಲಿ ಬಿಟ್ಟು ಹೋಗಬೇಡಿ. ಗ್ಲಾಸ್ ಸ್ವಲ್ಪ ಇಳಿಸಿದರೂ, ನೆರಳಿದ್ದರೂ ಬೇಡ. ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ.

ಅಕ್ಕನ ಮನೆ ಪಗ್‌ಗೆ ಒಮ್ಮೆ ಹೀಗೇ ಬಿಸಿಲಿನ ಹೊಡೆತ ಬಿದ್ದಿತ್ತು. ಕಾರಲ್ಲಲ್ಲ, ಮಧ್ಯಾಹ್ನ ಟೆರೇಸಿನಲ್ಲಿ ಮಕ್ಕಳ ಜೊತೆ ಆಡಿ. ನಾಲಿಗೆ ಅಗಲವಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಜೊಲ್ಲು ಅಂಟಂಟು, ಕಾಲು ಸೋಲುತ್ತಿತ್ತು. ಅಕ್ಕ ಮಾಡಿದ್ದು ಸರಿಯಾಗಿತ್ತು: ನೆರಳಿಗೆ ಎತ್ತಿಕೊಂಡು ಬಂದು ನಲ್ಲಿ ನೀರನ್ನು ಹೊಟ್ಟೆ, ತೊಡೆ ಸಂದಿ, ಪಾದ, ಕುತ್ತಿಗೆಗೆ ಸುರಿಯುತ್ತಾ ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಟಳು. ಮೊದಲು ತಂಪು ಮಾಡುವುದು, ಆಮೇಲೆ ಪ್ರಯಾಣ. ಇದು ಉಲ್ಟಾ ಆದರೆ ದಾರಿಯಲ್ಲೇ ಜೀವ ಹೋಗಬಹುದು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ, ಅದಕ್ಕೆ ನೀರು ಸುರಿಯುತ್ತಲೇ ಇರಬೇಕು. ಬಾಯಿಗೆ ಬಲವಂತವಾಗಿ ನೀರು ಹುಯ್ಯಬೇಡಿ, ತಾನಾಗಿ ಕುಡಿದರೆ ಕುಡಿಯಲಿ. ಥರ್ಮಾಮೀಟರ್ 103ರ ಹತ್ತಿರ ಬಂದಾಗ ನೀರು ನಿಲ್ಲಿಸಿ, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗಿಬಿಡುತ್ತದೆ. ಚೇತರಿಸಿಕೊಂಡ ಹಾಗೆ ಕಂಡರೂ ಡಾಕ್ಟರಿಗೆ ತೋರಿಸಿ. ಕಿಡ್ನಿ, ಲಿವರ್‌ಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಹೊರಗೆ ಬರುತ್ತದೆ.

ಬೆಕ್ಕು ಬಾಯಿ ತೆರೆದು ನಾಯಿ ಹಾಗೆ ಏದುಸಿರು ಬಿಡುತ್ತಿದ್ದರೆ ಅದನ್ನು ಸಾಮಾನ್ಯ ಅಂದುಕೊಳ್ಳಬೇಡಿ, ತಕ್ಷಣ ಹೊರಡಿ.

ಹೆಜ್ಜೆ 5: ಹಬ್ಬದ ತಟ್ಟೆ, ಹಣ್ಣಿನ ಬುಟ್ಟಿ

ಹೋಳಿ ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ: ನಾಯಿ, ಬೆಕ್ಕಿಗೆ ಹಾಕಬೇಡಿ, ಮಕ್ಕಳಿಗೂ ಹೇಳಿ. ಯಾರಾದರೂ ಎರಚಿದರೆ ಒಣ ಪುಡಿಯನ್ನು ಮೊದಲು ಬ್ರಷ್‌ನಿಂದ ಉದುರಿಸಿ, ಆಮೇಲೆ ನಾಯಿ ಶಾಂಪೂ ಹಾಕಿ ತೊಳೆಯಿರಿ. ಸೀಮೆಎಣ್ಣೆ, ಸ್ಪಿರಿಟ್ ಬೇಡ.

ನಿಜವಾದ ಅಪಾಯ ಇರುವುದು ದ್ರಾಕ್ಷಿಯಲ್ಲಿ. ವಿಜಯಪುರದ ದ್ರಾಕ್ಷಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ನೀಲಿ ದ್ರಾಕ್ಷಿ ತಳ್ಳುಗಾಡಿ ತುಂಬಾ ಬರುವ ಕಾಲ ಇದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯ ಅನ್ನುವುದಕ್ಕೆ ಲೆಕ್ಕವಿಲ್ಲ. ಒಂದು ನಾಯಿಗೆ ಏನೂ ಆಗದ ಪ್ರಮಾಣ ಇನ್ನೊಂದಕ್ಕೆ ಪ್ರಾಣಕ್ಕೆ ಬರುತ್ತದೆ. ಹಾಗಾಗಿ ಪಾಯಸ, ಕೇಸರಿಬಾತು ಕೊಡಬೇಡಿ, ಅದರಲ್ಲಿ ಒಣದ್ರಾಕ್ಷಿ ಇದ್ದೇ ಇರುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಅಂತ ಪಶುವೈದ್ಯರಲ್ಲಿ ಈಗ ಬಲವಾದ ಅನುಮಾನ ಇದೆ. ಅದೇ ಆಮ್ಲ ತುಂಬಾ ಇರುವ ಇನ್ನೊಂದು ಹಣ್ಣು ಹುಣಸೆ. ಈ ತಿಂಗಳುಗಳಲ್ಲಿ ಅಂಗಳದಲ್ಲಿ ಹುಣಸೆ ಕುಟ್ಟಿ, ಬೀಜ ತೆಗೆದು ಒಣಗಿಸುವ ಮನೆಗಳು ಎಷ್ಟೊಂದಿವೆ! ಹುಣಸೆ ಹರಡಿದ ಕಡೆ ನಾಯಿಮರಿ ಬಿಡಬೇಡಿ, ಹುಣಸೆ ಗೊಜ್ಜು ಕಲಸಿದ ಅನ್ನ ಹಾಕಬೇಡಿ.

ಮಾವಿನ ಹಣ್ಣಿನ ಒಂದು ಹೋಳು ತಿಂದರೆ ಏನೂ ಆಗುವುದಿಲ್ಲ. ವಾಟೆ ಮಾತ್ರ ಕೈಗೆ ಸಿಗಬಾರದು. ಚೀಪುತ್ತಾ ಚೀಪುತ್ತಾ ನುಂಗಿಬಿಡುತ್ತವೆ, ಅದು ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ವಾಟೆ ನುಂಗಿ ಪದೇ ಪದೇ ವಾಂತಿ ಮಾಡುತ್ತಿದ್ದರೆ ಕಾಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಕೂಡ ಬೇಡ, ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ, ರಕ್ತ ಕೆಡಿಸುತ್ತದೆ.

ಜ್ವರ ಬಂದಿದೆ ಅಂತ ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು. ನಮ್ಮ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ, ನಾಯಿಗೂ ಬೇಡ.

ಹೆಜ್ಜೆ 6: ಹಿತ್ತಲು ಒಮ್ಮೆ ಸುತ್ತಿ ಬನ್ನಿ

ಹೂಗಿಡಗಳಿಗೆ ಹರಳು ಹಿಂಡಿ ಗೊಬ್ಬರ ಹಾಕುತ್ತೀರಾ? ನಾಯಿಗೆ ಅದರ ವಾಸನೆ ಬಲು ಇಷ್ಟ, ಮಣ್ಣು ಕೆದರಿ ತಿನ್ನುತ್ತವೆ. ಹರಳು ಬೀಜದ ವಿಷ ಹಿಂಡಿಯಲ್ಲಿ ಉಳಿದಿರಬಹುದು, ರಕ್ತ ಭೇದಿ ಆಗಿ ಸಾಯುವಷ್ಟು. ನಾಯಿ ಇರುವ ಮನೆಯಲ್ಲಿ ಸಗಣಿ ಗೊಬ್ಬರ, ಎರೆಹುಳು ಗೊಬ್ಬರವೇ ಸಾಕು. ಕಣಗಿಲೆ ಗಿಡ ಎಲೆಯಿಂದ ಬೇರಿನವರೆಗೆ ವಿಷ, ಕತ್ತರಿಸಿದ ಟೊಂಗೆಯನ್ನು ಅಲ್ಲೇ ಬಿಡಬೇಡಿ. ಬೆಕ್ಕಿರುವ ಮನೆಗೆ ಲಿಲ್ಲಿ ಹೂವಿನ ಬೊಕೆ ತರಲೇಬೇಡಿ. ಅದರ ಪರಾಗ ಮೈಗೆ ಮೆತ್ತಿಕೊಂಡು ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ.

ಬಿಸಿಲು ಏರಿದಂತೆ ಹಾವುಗಳು ನೆರಳು, ತೇವ ಹುಡುಕಿ ಮನೆ ಹತ್ತಿರ ಬರುತ್ತವೆ. ಸೌದೆ ರಾಶಿ, ತೆಂಗಿನ ಗರಿ, ಬಚ್ಚಲ ನೀರು ಹೋಗುವ ಜಾಗ ಚೊಕ್ಕವಾಗಿರಲಿ. ನಾಯಿ ಹಾವನ್ನು ಕಂಡರೆ ಹೆದರಿ ಓಡುವುದಿಲ್ಲ, ಎದುರು ನಿಲ್ಲುತ್ತದೆ, ಅದಕ್ಕೇ ಕಚ್ಚಿಸಿಕೊಳ್ಳುವುದು ಮೂತಿ, ಮುಂಗಾಲಿಗೆ. ಕೊಳಕುಮಂಡಲ ಕಚ್ಚಿದರೆ ಜೋರಾಗಿ ಊದಿಕೊಂಡು ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ, ನಾಗರಹಾವಾದರೆ ಕಾಲು ಸೋತು ಉಸಿರು ಕಟ್ಟುತ್ತದೆ. ಕಟ್ಟು ಬಿಗಿಯುವುದು, ಕುಯ್ಯುವುದು, ನಾಟಿ ಔಷಧಿ ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇದೆಯಾ ಅಂತ ಕೇಳಿ, ಎಲ್ಲಾ ಕಡೆ ಇಟ್ಟಿರುವುದಿಲ್ಲ. ಈಗಲೇ ಒಂದು ದಿನ ಬಿಡುವು ಮಾಡಿಕೊಂಡು ಎಲ್ಲಿ ಸಿಗುತ್ತದೆ, ರಾತ್ರಿ ಯಾರು ಇರುತ್ತಾರೆ ಅಂತ ವಿಚಾರಿಸಿ ಫೋನಿನಲ್ಲಿ ಸೇವ್ ಮಾಡಿಕೊಂಡಿರಿ.

ಹೆಜ್ಜೆ 7: ಲಸಿಕೆ, ಜಂತಿನ ಔಷಧಿ

ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ 16 ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ನಂತರ ಪ್ರತಿ ವರ್ಷ. ಮನೆಯೊಳಗೇ ಇರುವ ಬೆಕ್ಕಿಗೂ ಹಾಕಿಸಿ. ಜಂತಿನ ಔಷಧಿ ದೊಡ್ಡವಕ್ಕೆ ಮೂರು ತಿಂಗಳಿಗೊಮ್ಮೆ. ಮರಿ ವಾಂತಿ ಮಾಡಿ, ನಾರುವ ರಕ್ತ ಭೇದಿ ಆದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು. ಮನೆಮದ್ದಿಗೆ ಸಮಯ ಕಳೆಯದೆ ಒಯ್ಯಿರಿ. ಲಸಿಕೆ ಮುಗಿಯದ ಮರಿಯನ್ನು ಜಾತ್ರೆ, ಪಾರ್ಕು, ಬೀದಿಗೆ ಇಳಿಸಬೇಡಿ.

ಹೆಜ್ಜೆ 8: ಮೊದಲ ಮಳೆಯ ರಾತ್ರಿ

ಅಶ್ವಿನಿ, ಭರಣಿ ಮಳೆ ಬರುವುದೇ ಗುಡುಗು ಸಿಡಿಲಿನ ಜೊತೆ. ನಾಯಿಗಳು ಹೆದರಿ ಗೇಟು ಹಾರಿ ದಿಕ್ಕು ತಪ್ಪುವುದು ಇಂಥ ಸಂಜೆಗಳಲ್ಲೇ. ಮೋಡ ಕಟ್ಟಿದ ಕೂಡಲೇ ಒಳಗೆ ಕರೆದುಕೊಳ್ಳಿ, ಕಟ್ಟಿದ್ದರೆ ಸರಪಳಿ ಬಿಚ್ಚಿ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ. ಮಂಚದ ಕೆಳಗೆ ನುಗ್ಗಿದರೆ ಎಳೆಯಬೇಡಿ, ಅಲ್ಲೇ ಇರಲಿ, ನೀವು ಹತ್ತಿರ ಕೂತರೆ ಸಾಕು.

ಮಳೆ ನಿಂತ ಮೇಲೆ ನೆಲಗಪ್ಪೆ ಹೊರಗೆ ಬರುತ್ತವೆ. ಅದನ್ನು ಕಚ್ಚಿದ ನಾಯಿ ಬಾಯಲ್ಲಿ ಬುಸಬುಸ ನೊರೆ ಬಿಡುತ್ತದೆ, ಮೂತಿಯನ್ನು ಕಾಲಿನಿಂದ ಉಜ್ಜಿಕೊಳ್ಳುತ್ತದೆ. ತಲೆ ಕೆಳಗೆ ಬಗ್ಗಿಸಿ, ನೀರು ಗಂಟಲಿಗೆ ಇಳಿಯದ ಹಾಗೆ ಪಕ್ಕದಿಂದ ಬಾಯಿಗೆ ನೀರು ಬಿಟ್ಟು ವಸಡು, ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಹತ್ತು ನಿಮಿಷ ತೊಳೆಯಿರಿ. ಸಾಮಾನ್ಯವಾಗಿ ಅಷ್ಟಕ್ಕೇ ಇಳಿಯುತ್ತದೆ. ನಡುಕ, ತೂರಾಟ ಕಂಡರೆ ಮಾತ್ರ ಡಾಕ್ಟರ ಬಳಿ ಓಡಿ. ಹಾಗೆಯೇ, ಮಳೆ ಬಂತು ಅಂತ ಉಣುಗಿನ ಮಾತ್ರೆ ನಿಲ್ಲಿಸಬೇಡಿ. ಮನೆಯೊಳಗೆ ಸೇರಿಕೊಂಡ ಉಣುಗಿಗೆ ಮಳೆ ತಾಗುವುದಿಲ್ಲ. ನಮ್ಮ ಕ್ಯಾಲೆಂಡರಿನಲ್ಲಿ ಕರಿಯನ ಮುಂದಿನ ಮಾತ್ರೆಯ ತಾರೀಖಿಗೆ ಈಗಲೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದೇನೆ.